ಕೆಲಸದ ಅರ್ಜಿಗೆ ಕಾಸು ಖರ್ಚಿಲ್ಲದ ತಂತ್ರಾಂಶ

ಕೆಲಸಕ್ಕೆ ಅರ್ಜಿ ಹಾಕುವವರು ಕಂಪ್ಯೂಟರಿನಲ್ಲಿ ಮಾಡಬೇಕಾದ ಬರವಣಿಗೆ ಹೆಚ್ಚೆಂದರೆ ಮೂರು ಪುಟ: ಒಂದು ಬಯೋಡೇಟಾ, ಅದರ ಜತೆಗೊಂದು ಅರ್ಜಿಪತ್ರ. ಇಷ್ಟಕ್ಕಾಗಿ ವರ್ಷವರ್ಷವೂ ಚಂದಾ ಕಟ್ಟಿ ಮೈಕ್ರೋಸಾಫ್ಟ್ ವರ್ಡ್ ಇಟ್ಟುಕೊಳ್ಳುವ ಅಗತ್ಯ ಬಹುಪಾಲು ಜನರಿಗೆ ಇಲ್ಲ. ಪರಿಚಯದ ಅಂಗಡಿಯವರು ಹಾಕಿಕೊಟ್ಟ ಕಳ್ಳಪ್ರತಿಯ ಅಗತ್ಯವಂತೂ ಇಲ್ಲವೇ ಇಲ್ಲ. ಅಂಥ ಪ್ರತಿಗಳ ಜತೆ ವೈರಸ್ಸೂ ಮನೆಗೆ ಬರುವುದುಂಟು. ಕಾಸಿಲ್ಲದೆ, ಕಾನೂನು ಮೀರದೆ ಸಿಗುವ ತಂತ್ರಾಂಶಗಳೇ ಏಳೆಂಟು ಇವೆ. ಕಷ್ಟವಿರುವುದು ಅವುಗಳಲ್ಲಿ ಒಂದನ್ನು ಆರಿಸುವುದರಲ್ಲಿ.

ಆಯ್ಕೆ ಮಾಡುವಾಗ ಸಾಮಾನ್ಯವಾಗಿ ಜನ ನೋಡುವುದು ಪರದೆಯ ಮೇಲೆ ಎಷ್ಟು ಗುಂಡಿಗಳಿವೆ, ಎಷ್ಟು ಸಿದ್ಧ ಮಾದರಿಗಳಿವೆ ಎಂಬುದನ್ನು. ಅರ್ಜಿಯ ಮಟ್ಟಿಗೆ ಇವು ಮುಖ್ಯವಲ್ಲ. ಅರ್ಜಿ ಬರೆದವರ ಕಂಪ್ಯೂಟರಿನಲ್ಲಿ ಅದು ಹೇಗೆ ಕಾಣುತ್ತದೆ ಎಂಬುದಕ್ಕೆ ಬೆಲೆಯಿಲ್ಲ. ಕಳುಹಿಸಿದ ಫೈಲನ್ನು ಆಚೆ ಕಡೆಯ ಅಧಿಕಾರಿ ತೆರೆದಾಗ ಸಾಲು ಜರುಗದೆ, ಅಕ್ಷರ ಕೆಡದೆ, ಪುಟ ಒಡೆಯದೆ ಇರಬೇಕು. ತಂತ್ರಾಂಶವನ್ನು ಅಳೆಯಬೇಕಾದದ್ದು ಆ ತುದಿಯಿಂದ.

ಎಲ್ಲ ಕೆಲಸಕ್ಕೂ ಇಂಥ ಅರ್ಜಿ ಬೇಕಿಲ್ಲ ಎಂಬುದನ್ನೂ ಮೊದಲೇ ಹೇಳಬೇಕು. ಕರ್ನಾಟಕ ಲೋಕಸೇವಾ ಆಯೋಗ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದಂಥ ಸಂಸ್ಥೆಗಳ ನೇಮಕಾತಿಯಲ್ಲಿ ಜಾಲತಾಣದ ನಮೂನೆಯನ್ನೇ ತುಂಬಬೇಕು. ಅಲ್ಲಿ ಬೇಕಾಗುವುದು ಹೇಳಿದ ಅಳತೆಗೆ ಕುಗ್ಗಿಸಿದ ಭಾವಚಿತ್ರ ಮತ್ತು ಸಹಿ, ಬಯೋಡೇಟಾ ಅಲ್ಲ. ಖಾಸಗಿ ಕಂಪನಿ, ಖಾಸಗಿ ಶಾಲೆ ಕಾಲೇಜು, ಆಸ್ಪತ್ರೆ, ಸ್ವಯಂಸೇವಾ ಸಂಸ್ಥೆ, ಸಹಕಾರ ಸಂಘ, ನೇರ ಸಂದರ್ಶನ ಇವುಗಳಿಗೆ ಹೊರಟವರಿಗೆ ಮಾತ್ರ ಬರಹದ ತಂತ್ರಾಂಶದ ಪ್ರಶ್ನೆ ಎದುರಾಗುತ್ತದೆ.

ಸ್ವಂತ ಲ್ಯಾಪ್‌ಟಾಪ್ ಅಥವಾ ಕಂಪ್ಯೂಟರ್ ಇರುವವರ ಮಟ್ಟಿಗೆ ಮೊದಲ ಹೆಸರು ಲಿಬ್ರೆಆಫೀಸ್. ಇದರ ಬೇರು 1985ರಷ್ಟು ಹಳೆಯದು. ಆ ವರ್ಷ ಮಾರ್ಕೋ ಬೋರೀಸ್ ಎಂಬ ಜರ್ಮನ್ ಹುಡುಗ ಸ್ಟಾರ್‌ರೈಟರ್ ಎಂಬ ಬರಹದ ತಂತ್ರಾಂಶ ಬರೆಯಲು ಕೂತ. ಅದು ಬೆಳೆದು ಸ್ಟಾರ್‌ಆಫೀಸ್ ಆಯಿತು. 1999ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಅದನ್ನು ಕೊಂಡುಕೊಂಡು, ಮರುವರ್ಷ ಅದರ ಮೂಲಸಂಕೇತವನ್ನು ಎಲ್ಲರಿಗೂ ತೆರೆದಿಟ್ಟಿತು. ಹಾಗೆ ಹುಟ್ಟಿದ್ದು ಓಪನ್‌ಆಫೀಸ್. 2010ರಲ್ಲಿ ಸನ್ ಕಂಪನಿ ಆರಕಲ್ ಪಾಲಾದಾಗ ಓಪನ್‌ಆಫೀಸ್‌ಗೆ ದುಡಿಯುತ್ತಿದ್ದ ಬಹಳಷ್ಟು ತಂತ್ರಜ್ಞರಿಗೆ ಹೊಸ ಯಜಮಾನರ ಮೇಲೆ ನಂಬಿಕೆ ಬರಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ದಿ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ಕಟ್ಟಿಕೊಂಡು, ಅದೇ ಸಂಕೇತವನ್ನು ಲಿಬ್ರೆಆಫೀಸ್ ಎಂಬ ಹೆಸರಿನಲ್ಲಿ ಮುಂದುವರಿಸಿದರು.

ಈ ಕವಲಿನ ಕಥೆ ಅರ್ಜಿ ಬರೆಯುವವರಿಗೆ ಏಕೆ ಬೇಕು ಎಂದರೆ, ಹಳೆಯ ಹೆಸರು ಇನ್ನೂ ಜನರ ಬಾಯಲ್ಲಿದೆ. ಆರಕಲ್ ಕೈಬಿಟ್ಟ ಮೇಲೆ ಓಪನ್‌ಆಫೀಸ್ 2011ರಲ್ಲಿ ಅಪಾಚೆ ಪ್ರತಿಷ್ಠಾನಕ್ಕೆ ಹೋಯಿತು. 2014ರಲ್ಲಿ 4.1 ಆವೃತ್ತಿ ಬಂತು. ಅಲ್ಲಿಂದೀಚೆಗೆ ಅದೇ ಆವೃತ್ತಿಗೆ ತೇಪೆ ಹಾಕುವ ಸಣ್ಣಪುಟ್ಟ ಬಿಡುಗಡೆಗಳಷ್ಟೇ ಆಗಿವೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಅಪಾಚೆ ಓಪನ್‌ಆಫೀಸ್ ವರ್ಡ್‌ನ ಡಾಕ್ಸ್ (.docx) ಫೈಲನ್ನು ತೆರೆಯುತ್ತದೆ, ಆದರೆ ಆ ರೂಪದಲ್ಲಿ ಉಳಿಸಲು ಅದಕ್ಕೆ ಬರುವುದಿಲ್ಲ. ಬಹುತೇಕ ಕಂಪನಿಗಳು ಕೇಳುವುದೇ ಡಾಕ್ಸ್ ಇಲ್ಲವೇ ಪಿಡಿಎಫ್ ಆಗಿರುವಾಗ, ಕೆಲಸದ ಅರ್ಜಿಗೆ ಓಪನ್‌ಆಫೀಸ್ ಹಾಕಿಕೊಳ್ಳಲು ಈಗ ಕಾರಣವೇ ಉಳಿದಿಲ್ಲ. ಕಾಲೇಜಿನ ಹಳೆಯ ಲ್ಯಾಬಿನಲ್ಲಿ ಕಲಿತವರು ಅಭ್ಯಾಸಬಲದಿಂದ ಅದನ್ನೇ ಹುಡುಕುತ್ತಾರೆ. ಅವರಿಗೆ ಬೇಕಾದ ಅದೇ ಮುಖ ಲಿಬ್ರೆಆಫೀಸ್‌ನಲ್ಲಿದೆ.

ಲಿಬ್ರೆಆಫೀಸ್‌ನಲ್ಲಿ ಬರವಣಿಗೆಯ ಭಾಗಕ್ಕೆ ರೈಟರ್ ಎಂದು ಹೆಸರು. ಇಳಿಸಿಕೊಳ್ಳುವ ಫೈಲು 300 ಎಂಬಿಗೂ ದೊಡ್ಡದು. ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಬೇಕಿಲ್ಲ, ಖಾತೆ ತೆರೆಯಬೇಕಿಲ್ಲ, ಜಾಹೀರಾತು ಇಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಮೆನುಗಳನ್ನು ಕನ್ನಡದಲ್ಲಿ ತೋರಿಸುವ ವ್ಯವಸ್ಥೆಯೂ ಇದೆ. ಇಳಿಸಿಕೊಳ್ಳುವಾಗ ಸಂಸ್ಥೆಯ ಸ್ವಂತ ಜಾಲತಾಣಕ್ಕೇ ಹೋಗಬೇಕು; ಹುಡುಕಾಟದಲ್ಲಿ ಮೇಲೆ ಬರುವ ಬೇರೆ ತಾಣಗಳು ಜತೆಗೆ ಏನೇನನ್ನೋ ತುರುಕುವುದುಂಟು. ಆಪಲ್‌ನ ಆಪ್ ಸ್ಟೋರಿನಲ್ಲಿ ಇದಕ್ಕೆ ಬೆಲೆ ಕಂಡರೆ ಗಾಬರಿಯಾಗಬೇಕಿಲ್ಲ. ಅದೂ ಆ ಸಂಸ್ಥೆಯದೇ. ಸ್ವಂತ ಜಾಲತಾಣದ ಪ್ರತಿಗೆ ಮಾತ್ರ ದುಡ್ಡಿಲ್ಲ.

ಹಾಕಿಕೊಂಡ ಕೂಡಲೇ ಒಂದು ಕೆಲಸ ಮಾಡಬೇಕು. ರೈಟರ್ ತಾನಾಗಿ ಉಳಿಸುವುದು ಓಡಿಟಿ ರೂಪದಲ್ಲಿ. ಇದು 2006ರಲ್ಲೇ ಅಂತರರಾಷ್ಟ್ರೀಯ ಮಾನಕವಾದ, ತಾಂತ್ರಿಕವಾಗಿ ಅಚ್ಚುಕಟ್ಟಾದ ರೂಪ. ಆದರೆ ಉದ್ಯೋಗದ ಜಾಲತಾಣಗಳು ಸ್ವೀಕರಿಸುವ ಫೈಲುಗಳ ಪಟ್ಟಿಯಲ್ಲಿ ಅದರ ಹೆಸರು ಅಪರೂಪ. ಟೂಲ್ಸ್ ಮೆನುವಿನ ಆಪ್ಷನ್ಸ್ ಒಳಗೆ ಲೋಡ್/ಸೇವ್ ಎಂಬ ಭಾಗವಿದೆ. ಅಲ್ಲಿ ಸದಾ ವರ್ಡ್ ರೂಪದಲ್ಲೇ ಉಳಿಸುವಂತೆ ಒಮ್ಮೆ ಹೇಳಿಟ್ಟರೆ ಮುಂದೆ ಮರೆತು ಓಡಿಟಿ ಕಳುಹಿಸುವ ಪ್ರಸಂಗ ಬರುವುದಿಲ್ಲ.

ಲಿಬ್ರೆಆಫೀಸ್ ಒಗ್ಗದವರಿಗೆ ಓನ್ಲಿಆಫೀಸ್ ಇದೆ. ಇದೂ ಮೂಲಸಂಕೇತ ತೆರೆದಿಟ್ಟ ತಂತ್ರಾಂಶ. ಇದು ಒಳಗೊಳಗೇ ಡಾಕ್ಸ್ ರೂಪದಲ್ಲೇ ಕೆಲಸ ಮಾಡುತ್ತದೆ. ಮುಖವೂ ಹೆಚ್ಚುಕಡಿಮೆ ವರ್ಡ್‌ನದೇ. ಬೇರೊಬ್ಬರು ವರ್ಡ್‌ನಲ್ಲಿ ಮಾಡಿಕೊಟ್ಟ ಬಯೋಡೇಟಾವನ್ನು ತಿದ್ದಬೇಕಾದವರಿಗೆ ಇದು ಹೆಚ್ಚು ಹೊಂದುತ್ತದೆ. ಚೀನಾದ ಕಿಂಗ್‌ಸಾಫ್ಟ್ ಕಂಪನಿಯ ಡಬ್ಲ್ಯೂಪಿಎಸ್ ನೋಡಲು ಚೆಂದ, ಆದರೆ ಬಿಟ್ಟಿ ಆವೃತ್ತಿಯಲ್ಲಿ ಜಾಹೀರಾತು ಉಂಟು, ಕೆಲವು ಸೌಲಭ್ಯಗಳಿಗೆ ಬೀಗವೂ ಉಂಟು. ವಿಂಡೋಸ್ 95ರ ಕಾಲದಿಂದ ಜತೆಗೇ ಬರುತ್ತಿದ್ದ ವರ್ಡ್‌ಪ್ಯಾಡನ್ನು ಮೈಕ್ರೋಸಾಫ್ಟ್ 2024ರಲ್ಲಿ ವಿಂಡೋಸ್ 11ರಿಂದ ತೆಗೆದುಹಾಕಿತು. ಬಯೋಡೇಟಾದ ಮಟ್ಟಿಗೆ ಅದೇನು ದೊಡ್ಡ ನಷ್ಟವಲ್ಲ.

ಸ್ವಂತ ಕಂಪ್ಯೂಟರ್ ಇಲ್ಲದವರ ದಾರಿ ಬೇರೆ. ಸೈಬರ್ ಸೆಂಟರಿನಲ್ಲೋ ಸ್ನೇಹಿತರ ಲ್ಯಾಪ್‌ಟಾಪಿನಲ್ಲೋ ಅರ್ಧ ಗಂಟೆ ಸಿಕ್ಕಾಗ ಬರೆಯುವವರು, ಮಿಕ್ಕ ಹೊತ್ತು ಮೊಬೈಲಿನಲ್ಲೇ ತಿದ್ದುವವರು ಬಹಳ ಮಂದಿ. ಅವರಿಗೆ ಗೂಗಲ್ ಡಾಕ್ಸ್‌ನಷ್ಟು ಅನುಕೂಲ ಬೇರೊಂದರಲ್ಲಿಲ್ಲ. ಜಿಮೇಲ್ ಖಾತೆ ಇದ್ದರೆ ಸಾಕು. ಬರೆದದ್ದು ಆಗಾಗ ತಾನೇ ಉಳಿದುಕೊಳ್ಳುತ್ತದೆ, ಕರೆಂಟ್ ಹೋದರೂ ಕಳೆದುಹೋಗುವುದಿಲ್ಲ. ಹಳೆಯ ಆವೃತ್ತಿಗಳು ಇತಿಹಾಸದಲ್ಲಿ ಇರುವುದರಿಂದ ಹೋದ ತಿಂಗಳ ಅರ್ಜಿಯ ಒಕ್ಕಣೆಯನ್ನು ಮತ್ತೆ ತೆಗೆದು ನೋಡಬಹುದು. ಕೊಂಡಿ ಕಳುಹಿಸಿದರೆ ಬಲ್ಲವರು ದೂರದಿಂದಲೇ ತಿದ್ದಿಕೊಡಬಹುದು. ಊರಿನಲ್ಲಿರುವ ಅಭ್ಯರ್ಥಿಯ ಇಂಗ್ಲಿಷನ್ನು ಬೆಂಗಳೂರಿನ ಅಕ್ಕ ರಾತ್ರಿ ಕೂತು ಸರಿಮಾಡುವುದು ಹೀಗೆಯೇ. ಕ್ರೋಮ್ ಬ್ರೌಸರಿನಲ್ಲಿ ಕನ್ನಡದಲ್ಲಿ ಹೇಳಿ ಬರೆಸುವ ಸೌಲಭ್ಯವೂ ಇದೆ.

ಮೈಕ್ರೋಸಾಫ್ಟ್ ಕೂಡ ಬ್ರೌಸರಿನಲ್ಲಿ ನಡೆಯುವ ವರ್ಡ್ ಅನ್ನು ಕಾಸಿಲ್ಲದೆ ಕೊಡುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಮೈಕ್ರೋಸಾಫ್ಟ್ ಖಾತೆಯೊಂದು ತೆರೆದರೆ 5 ಜಿಬಿ ಜಾಗವೂ ಸಿಗುತ್ತದೆ. ಪೂರ್ಣ ವರ್ಡ್‌ನ ಎಲ್ಲವೂ ಇಲ್ಲಿಲ್ಲ, ಆದರೆ ಬಯೋಡೇಟಾಕ್ಕೆ ಬೇಕಾದದ್ದೆಲ್ಲ ಇದೆ. ಕಳ್ಳಪ್ರತಿಗೆ ಜೋತುಬಿದ್ದವರು ಮೊದಲು ನೋಡಬೇಕಾದದ್ದು ಇದನ್ನು. ಚೆನ್ನೈ ಮೂಲದ ಜೋಹೊ ಕಂಪನಿಯ ರೈಟರ್ 2005ರಿಂದ ಇದೆ, ಗೂಗಲ್ ಡಾಕ್ಸ್‌ಗಿಂತ ಹಿರಿಯದು. ಅದರ ಪುಟ ಜಾಹೀರಾತಿಲ್ಲದೆ ಶುಚಿಯಾಗಿದೆ. ಮೂರರಲ್ಲಿ ಯಾವುದನ್ನು ಹಿಡಿದರೂ ಅರ್ಜಿ ಕೆಡುವುದಿಲ್ಲ. ಈಗಾಗಲೇ ಯಾವ ಖಾತೆ ಇದೆಯೋ ಅದನ್ನೇ ಬಳಸುವುದು ಸುಲಭ, ಏಕೆಂದರೆ ಹೊಸ ಖಾತೆಯ ಪಾಸ್‌ವರ್ಡ್ ಮರೆತು ಸಂದರ್ಶನದ ಹಿಂದಿನ ರಾತ್ರಿ ಪರದಾಡುವುದು ತಪ್ಪುತ್ತದೆ.

ಬರೀ ಮೊಬೈಲಿನಲ್ಲೇ ಇಡೀ ಬಯೋಡೇಟಾ ಮಾಡುವುದೂ ಸಾಧ್ಯ. ಗೂಗಲ್ ಡಾಕ್ಸ್, ವರ್ಡ್ ಎರಡಕ್ಕೂ ಆಪ್ ಇವೆ. ಒಕ್ಕಣೆ ತಿದ್ದಲು ಮೊಬೈಲ್ ಸಾಕು. ಅಂಚು, ಸಾಲಿನ ಅಂತರ, ಪುಟ ಒಡೆಯುವ ಜಾಗ ಇವನ್ನು ಮಾತ್ರ ಒಮ್ಮೆಯಾದರೂ ದೊಡ್ಡ ಪರದೆಯಲ್ಲಿ ನೋಡಿಯೇ ಮುಗಿಸಬೇಕು.

ತಂತ್ರಾಂಶ ಯಾವುದೇ ಆಗಲಿ, ಹೆಚ್ಚಿನ ಎಡವಟ್ಟು ಆಗುವುದು ಫೈಲ್ ಕೈಬದಲಾದಾಗ. ಲಿಬ್ರೆಆಫೀಸ್ ರೈಟರಿನಲ್ಲಿ ಒಂದೇ ಪುಟಕ್ಕೆ ಕೂಡಿಸಿದ ಬಯೋಡೇಟಾ ಕಂಪನಿಯ ವರ್ಡ್‌ನಲ್ಲಿ ತೆರೆದಾಗ ಒಂದು ಪುಟ ಮತ್ತು ಎರಡು ಸಾಲು ಆಗುತ್ತದೆ. ಎರಡನೇ ಪುಟದಲ್ಲಿ ಸ್ಥಳ, ದಿನಾಂಕ ಮಾತ್ರ. ಇದಕ್ಕೆ ಕಾರಣ ತಂತ್ರಾಂಶ ಎಂದು ಬೈಯುತ್ತಾರೆ. ಬಹಳ ಸಲ ಕಾರಣ ಫಾಂಟ್. ಬರೆದವರು ಬಳಸಿದ ಫಾಂಟ್ ಓದುವವರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಅದರ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ. ಅದರ ಅಕ್ಷರಗಳು ಕೂದಲೆಳೆಯಷ್ಟು ಅಗಲವಾಗಿದ್ದರೂ ಸಾಲು ಸಾಲೂ ಮುಂದಕ್ಕೆ ತಳ್ಳಿಕೊಂಡು ಹೋಗುತ್ತವೆ.

ಮುಕ್ತ ತಂತ್ರಾಂಶದವರು ಇದಕ್ಕೊಂದು ಜಾಣ ಪರಿಹಾರ ಕಂಡುಕೊಂಡಿದ್ದಾರೆ. ರೆಡ್ ಹ್ಯಾಟ್ ಕಂಪನಿ 2007ರಲ್ಲಿ ಬಿಡುಗಡೆ ಮಾಡಿದ ಲಿಬರೇಶನ್ ಫಾಂಟ್‌ಗಳ ಪ್ರತಿ ಅಕ್ಷರದ ಅಗಲವೂ ಏರಿಯಲ್, ಟೈಮ್ಸ್ ನ್ಯೂ ರೋಮನ್, ಕೊರಿಯರ್ ನ್ಯೂ ಫಾಂಟ್‌ಗಳ ಅಗಲಕ್ಕೆ ಸರಿಸಮ. ಕ್ಯಾಲಿಬ್ರಿಗೆ ಕಾರ್ಲಿಟೊ, ಕ್ಯಾಂಬ್ರಿಯಾಕ್ಕೆ ಕೆಲಾಡಿಯಾ ಇದೇ ರೀತಿ ಜೋಡಿ. ಇವೆಲ್ಲ ಲಿಬ್ರೆಆಫೀಸ್ ಜತೆಗೇ ಬರುತ್ತವೆ. ಹೀಗಾಗಿ ಇಂಗ್ಲಿಷ್ ಬಯೋಡೇಟಾಕ್ಕೆ ಈ ಜೋಡಿಗಳೊಳಗಿನ ಫಾಂಟ್ ಆರಿಸಿಕೊಂಡರೆ ಪುಟ ಜರುಗುವ ಭಯ ಬಹುಮಟ್ಟಿಗೆ ಇಲ್ಲವಾಗುತ್ತದೆ. ವರ್ಡ್ ಈಚೆಗೆ ತಾನಾಗಿ ಬಳಸುವ ಆಪ್ಟೋಸ್ ಫಾಂಟ್ ಹಳೆಯ ಕಂಪ್ಯೂಟರುಗಳಲ್ಲಿ ಇರುವುದಿಲ್ಲ. ಬ್ರೌಸರಿನ ವರ್ಡ್‌ನಲ್ಲಿ ಬರೆಯುವವರು ಅದನ್ನು ಬದಲಿಸಿಕೊಳ್ಳುವುದು ಮೇಲು.

ಕೊನೆಗೆ ಕಳುಹಿಸಬೇಕಾದದ್ದು ಪಿಡಿಎಫ್. ಫಾಂಟ್‌ಗಳನ್ನು ಒಳಗೇ ಹೊತ್ತುಕೊಂಡು ಹೋಗುವುದರಿಂದ ಅದು ಎಲ್ಲೆಡೆ ಒಂದೇ ರೀತಿ ಕಾಣುತ್ತದೆ. ಮೇಲೆ ಹೇಳಿದ ಮುಖ್ಯ ತಂತ್ರಾಂಶಗಳೆಲ್ಲ ಪಿಡಿಎಫ್ ಮಾಡಿಕೊಡುತ್ತವೆ. ಅದಕ್ಕೆಂದೇ ಇನ್ನೊಂದು ಜಾಲತಾಣಕ್ಕೆ ಬಯೋಡೇಟಾ ಏರಿಸಿ, ತನ್ನ ಜನ್ಮದಿನಾಂಕ ಮೊಬೈಲ್ ಸಂಖ್ಯೆಗಳನ್ನು ಯಾರದೋ ಸರ್ವರಿಗೆ ಒಪ್ಪಿಸಿ ಬರುವ ಅಗತ್ಯವಿಲ್ಲ. ಕಂಪನಿ ಸ್ಪಷ್ಟವಾಗಿ ಡಾಕ್ಸ್ ಕೇಳಿದರೆ ಮಾತ್ರ ಡಾಕ್ಸ್. ಉದ್ಯೋಗ ಏಜೆನ್ಸಿಗಳು ಹಾಗೆ ಕೇಳುವುದುಂಟು, ತಮ್ಮ ತಲೆಬರಹ ಸೇರಿಸಿ ಮುಂದಕ್ಕೆ ಕಳುಹಿಸಲು ಅವರಿಗೆ ಅದು ಬೇಕಾಗುತ್ತದೆ. ಲಿಬ್ರೆಆಫೀಸ್‌ನಲ್ಲಿ ಇನ್ನೊಂದು ಸೌಲಭ್ಯವಿದೆ: ಪಿಡಿಎಫ್‌ನ ಹೊಟ್ಟೆಯೊಳಗೇ ತಿದ್ದಬಹುದಾದ ಮೂಲವನ್ನೂ ಇಟ್ಟು ಒಂದೇ ಫೈಲ್ ಮಾಡಬಹುದು. ತನಗಾಗಿ ಇಟ್ಟುಕೊಳ್ಳಲು ಒಳ್ಳೆಯದು. ಹೊರಗೆ ಕಳುಹಿಸಲು ಅಲ್ಲ.

ಕನ್ನಡದಲ್ಲಿ ಅರ್ಜಿ ಬರೆಯುವವರ ತೊಂದರೆ ಬೇರೆಯೇ. ಸಹಕಾರ ಸಂಘ, ಕನ್ನಡ ಶಾಲೆ, ಪತ್ರಿಕೆ, ಟ್ರಸ್ಟುಗಳಿಗೆ ಅರ್ಜಿ ಕನ್ನಡದಲ್ಲೇ ಹೋಗುವುದು ರೂಢಿ. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದರೆ ಅದು ಹೆಚ್ಚಾಗಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿರುತ್ತದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಅದಕ್ಕೂ ಮೊದಲು 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ತಂದ ಬರಹ, ಇವೆರಡೂ ಕನ್ನಡದ ಗಣಕ ಬರವಣಿಗೆಯನ್ನು ಮನೆಮನೆಗೆ ತಲುಪಿಸಿದವು. ಆ ಕಾಲದ ಫಾಂಟ್‌ಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಬಣ್ಣ ಬಯಲಾಗುತ್ತದೆ: 'ಕನ್ನಡ' ಎಂಬ ಪದ ರೋಮನ್ 'ಪಿ' ಇಂದ ಶುರುವಾಗಿ, ನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆ ಹೊತ್ತು, ತಲೆಯ ಮೇಲೆ ಗೀಟಿರುವ ಅಕ್ಷರಗಳ ಸಾಲಾಗಿ ಕಾಣುತ್ತದೆ. ಅರ್ಜಿದಾರರ ಹೆಸರಿಗೂ ಇದೇ ಗತಿ.

ಆದ್ದರಿಂದ ಕನ್ನಡದ ಅರ್ಜಿಯನ್ನು, ಫಾಂಟ್ ಬದಲಾದರೂ ಅಕ್ಷರ ಕೆಡದ ಯೂನಿಕೋಡಿನಲ್ಲಿಯೇ ಟೈಪ್ ಮಾಡಬೇಕು. ನುಡಿಯ ಈಚಿನ ಆವೃತ್ತಿಗಳಲ್ಲಿ ಆ ಆಯ್ಕೆ ಇದೆ, ಬೆರಳಿಗೆ ಒಗ್ಗಿದ ಕೀಲಿಮಣೆಯನ್ನು ಬಿಡಬೇಕಾಗಿಲ್ಲ. ವಿಂಡೋಸ್ 10ರಲ್ಲಿ 2019ರಿಂದ ಉಚ್ಚಾರಣೆಗೆ ತಕ್ಕಂತೆ ಒತ್ತುವ ಕನ್ನಡ ಕೀಲಿಮಣೆ ಒಳಗೇ ಬಂದಿದೆ. ಫಾಂಟ್ ವಿಷಯದಲ್ಲಿ ನೋಟೊ ಸಾನ್ಸ್ ಕನ್ನಡ, ತಿರೊ ಕನ್ನಡ ಮೊದಲಾದವು ಗೂಗಲ್ ಡಾಕ್ಸ್‌ನಲ್ಲಿ ಸಿಗುತ್ತವೆ. ಅವನ್ನೇ ಇಳಿಸಿಕೊಂಡು ಲಿಬ್ರೆಆಫೀಸ್ ರೈಟರಿನಲ್ಲೂ ಬಳಸಬಹುದು. ವಿಂಡೋಸ್ ಜತೆ ಬರುವ ನಿರ್ಮಲಾ ಫಾಂಟ್ ಸಾದಾ ಇದ್ದರೂ ಓದಲು ಸ್ಪಷ್ಟ. ಹಳೆಯ ನುಡಿ ಫೈಲನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳೂ ಬಿಟ್ಟಿಯಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು, ಒತ್ತಕ್ಷರಗಳನ್ನು ಒಂದೊಂದಾಗಿ ಕಣ್ಣಾಡಿಸುವುದು ಕ್ಷೇಮ.

ಲಿಬ್ರೆಆಫೀಸ್‌ನಲ್ಲಿ ಕನ್ನಡ ಬರೆಯುವವರನ್ನು ಒಂದು ಸಂಗತಿ ಕಾಡುತ್ತದೆ. ಅದು ರೋಮನ್ ಲಿಪಿಗೂ ಕನ್ನಡದಂಥ ಲಿಪಿಗಳಿಗೂ ಬೇರೆ ಬೇರೆ ಫಾಂಟ್, ಬೇರೆ ಬೇರೆ ಗಾತ್ರವನ್ನು ನೆನಪಿಟ್ಟುಕೊಳ್ಳುತ್ತದೆ. ಪ್ಯಾರಾದ ಶೈಲಿಯಲ್ಲಿ ಇಂಗ್ಲಿಷಿನ ಗಾತ್ರವನ್ನಷ್ಟೇ ಬದಲಿಸಿದರೆ ಕನ್ನಡ ಮೊದಲಿನಂತೆಯೇ ಉಳಿಯುತ್ತದೆ. ಕೆಟ್ಟುಹೋಯಿತೇನೋ ಎಂದುಕೊಂಡು ಜನ ತಂತ್ರಾಂಶವನ್ನೇ ತೆಗೆದುಹಾಕುತ್ತಾರೆ. ಆಪ್ಷನ್ಸ್ ಒಳಗಿನ ಭಾಷೆಗಳ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬುದನ್ನು ಗುರುತು ಮಾಡಿ ಕನ್ನಡ ಆರಿಸಿದರೆ, ಎರಡೂ ಲಿಪಿಗಳ ಫಾಂಟ್ ಮತ್ತು ಗಾತ್ರ ಒಂದೇ ಪೆಟ್ಟಿಗೆಯಲ್ಲಿ ಮೇಲೆ ಕೆಳಗೆ ಕಾಣುತ್ತವೆ. ಇಂಗ್ಲಿಷ್ ಮಿಶ್ರಿತ ಕನ್ನಡ ಬಯೋಡೇಟಾದಲ್ಲಿ ಕನ್ನಡವನ್ನು ಅರ್ಧ ಅಥವಾ ಒಂದು ಪಾಯಿಂಟ್ ಹೆಚ್ಚು ಕಡಿಮೆ ಮಾಡಿ ನೋಡಿದರೆ ಎರಡೂ ಸರಿಗಟ್ಟುತ್ತವೆ.

ದೊಡ್ಡ ಕಂಪನಿಗಳಲ್ಲಿ ಅರ್ಜಿಯನ್ನು ಮೊದಲು ಓದುವುದು ಮನುಷ್ಯರಲ್ಲ, ಬಯೋಡೇಟಾದಿಂದ ಹೆಸರು, ವಿದ್ಯಾರ್ಹತೆ, ಅನುಭವಗಳನ್ನು ಹೆಕ್ಕಿ ಪಟ್ಟಿ ಮಾಡುವ ಯಂತ್ರ. ಎರಡು ಅಂಕಣ, ಅಲಂಕಾರದ ಪೆಟ್ಟಿಗೆ, ಪುಟದ ತಲೆಭಾಗದಲ್ಲಿಟ್ಟ ಫೋನ್ ಸಂಖ್ಯೆ ಇಂಥವು ಅದರ ದಾರಿ ತಪ್ಪಿಸಬಲ್ಲವು. ಕ್ಯಾನ್ವಾದಂಥ ವಿನ್ಯಾಸದ ತಾಣಗಳಲ್ಲಿ ಸಿಗುವ ಬಣ್ಣಬಣ್ಣದ ಮಾದರಿಗಳು ಈ ಕಾರಣಕ್ಕೇ ಎಚ್ಚರ ಬೇಡುತ್ತವೆ. ಜಾಹೀರಾತು, ವಿನ್ಯಾಸದ ಕೆಲಸಗಳಿಗೆ ಅವು ಸರಿ, ಲೆಕ್ಕಪತ್ರದ ಕೆಲಸಕ್ಕೆ ಬೇಡ. ಪರೀಕ್ಷಿಸುವ ಉಪಾಯ ಸುಲಭ. ಸಿದ್ಧವಾದ ಪಿಡಿಎಫ್‌ನ ಪಠ್ಯವನ್ನೆಲ್ಲ ಆಯ್ದು ನೋಟ್‌ಪ್ಯಾಡಿನಲ್ಲಿ ಅಂಟಿಸಿ ನೋಡಬೇಕು. ಅಲ್ಲಿ ಕ್ರಮವಾಗಿ ಓದಲು ಬಂದರೆ ಯಂತ್ರಕ್ಕೂ ಓದಲು ಬರುತ್ತದೆ. ಕನ್ನಡದ ಪಿಡಿಎಫ್ ಕಣ್ಣಿಗೆ ಚೆನ್ನಾಗಿ ಕಂಡರೂ ಹೀಗೆ ಅಂಟಿಸಿದಾಗ ಗುಣಿತ ಒತ್ತುಗಳು ಅದಲುಬದಲಾಗುವುದುಂಟು. ಹಾಗಾಗಿ ಇಮೇಲ್ ವಿಳಾಸ, ಹೆಸರು, ಮೊಬೈಲ್ ಸಂಖ್ಯೆಗಳನ್ನು ಇಂಗ್ಲಿಷಿನಲ್ಲೂ ಒಂದು ಸಾಲು ಕೊಡುವುದು ಒಳ್ಳೆಯದು.

ಇನ್ನೊಬ್ಬರ ಬಯೋಡೇಟಾವನ್ನು ತೆಗೆದುಕೊಂಡು ಹೆಸರು ಬದಲಿಸುವುದು ನಮ್ಮಲ್ಲಿ ಸರ್ವೇಸಾಮಾನ್ಯ. ಫೈಲಿನ ಒಳವಿವರಗಳಲ್ಲಿ ಮಾತ್ರ ಹಳೆಯ ಒಡೆಯರ ಹೆಸರು, ಅವರಿಟ್ಟ ಶೀರ್ಷಿಕೆ ಹಾಗೇ ಇರುತ್ತವೆ. ಪಿಡಿಎಫ್ ಮಾಡಿದಾಗ ಆ ಹಳೆಯ ಶೀರ್ಷಿಕೆ ಬ್ರೌಸರಿನ ಮೇಲ್ಪಟ್ಟಿಯಲ್ಲಿ ಎದ್ದು ಕಾಣುತ್ತದೆ. ಸಂದರ್ಶನಕ್ಕೆ ಬಂದವಳು ಒಬ್ಬಳು, ಪರದೆಯ ಮೇಲಿನ ಹೆಸರು ಇನ್ನೊಬ್ಬಳದು. ಲಿಬ್ರೆಆಫೀಸ್‌ನ ಫೈಲ್ ಮೆನುವಿನಲ್ಲಿ ಪ್ರಾಪರ್ಟೀಸ್ ತೆರೆದರೆ ಹಳೆಯ ಒಡೆಯರ ಹೆಸರನ್ನು ಅಳಿಸುವ ಗುಂಡಿ ಇದೆ. ಶೀರ್ಷಿಕೆಯ ಜಾಗದಲ್ಲಿ ಸ್ವಂತ ಹೆಸರು ಬರೆದರಾಯಿತು. ಬೇರೆಯವರ ಫೈಲನ್ನು ತಿದ್ದುವ ಬದಲು ಖಾಲಿ ಪುಟದಲ್ಲಿ ಹೊಸದಾಗಿ ಶುರುಮಾಡಿದರೆ ಈ ರಗಳೆಯೇ ಇಲ್ಲ.

ಪುಟದ ಅಳತೆಯನ್ನೂ ಒಮ್ಮೆ ನೋಡಿಕೊಳ್ಳಬೇಕು. ಕೆಲವು ತಂತ್ರಾಂಶಗಳು ಅಮೆರಿಕದ ಲೆಟರ್ ಅಳತೆಯಲ್ಲಿ ತೆರೆದುಕೊಳ್ಳುತ್ತವೆ. ಅದು 216 ಮಿಲಿಮೀಟರ್ ಅಗಲ, 279 ಮಿಲಿಮೀಟರ್ ಉದ್ದ. ನಮ್ಮ ಜೆರಾಕ್ಸ್ ಅಂಗಡಿಗಳಲ್ಲಿರುವುದು ಎ4. 210 ಅಗಲ, 297 ಉದ್ದ. ಬದಲಿಸದೆ ಪ್ರಿಂಟ್ ಕೊಟ್ಟರೆ ಪಕ್ಕದ ಅಂಚು ಕತ್ತರಿಸಿಕೊಳ್ಳುತ್ತದೆ ಇಲ್ಲವೇ ಅಕ್ಷರ ಕುಗ್ಗುತ್ತದೆ. ಫೈಲಿಗೆ 'ರೆಸ್ಯೂಮ್ ಫೈನಲ್ ಹೊಸದು 2' ಎಂಬಂಥ ಹೆಸರು ಬೇಡ, ಅಭ್ಯರ್ಥಿಯ ಹೆಸರು ಮತ್ತು ಹುದ್ದೆ ಇರಲಿ. ನೂರಾರು ಅರ್ಜಿಗಳ ನಡುವೆ ಹುಡುಕುವವರಿಗೆ ಅದರಿಂದ ಅನುಕೂಲ.

ಸೈಬರ್ ಸೆಂಟರಿನಲ್ಲಿ ಕೆಲಸ ಮುಗಿಸಿದವರು ಎದ್ದು ಬರುವ ಮುಂಚೆ ಖಾತೆಯಿಂದ ಹೊರಬರಬೇಕು. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿದ ಪಿಡಿಎಫ್, ಅಂಕಪಟ್ಟಿಯ ಸ್ಕ್ಯಾನ್, ಆಧಾರ್ ಪ್ರತಿಗಳನ್ನು ಅಳಿಸಿ, ಆಮೇಲೆ ರೀಸೈಕಲ್ ಬಿನ್ನನ್ನೂ ಖಾಲಿ ಮಾಡಬೇಕು. ಪ್ರಿಂಟಿಗೆಂದು ಅಂಗಡಿಯವರ ವಾಟ್ಸ್‌ಆ್ಯಪಿಗೆ ಕಳುಹಿಸಿದ ಪ್ರತಿಯನ್ನೂ ಅವರೆದುರೇ ಅಳಿಸಲು ಕೇಳಬಹುದು; ಯಾರೂ ಬೇಡವೆನ್ನುವುದಿಲ್ಲ.